ಆಂಡ್ರಾಯ್ಡ್ ಕೊಳ್ಳುವುದೋ, ಐಫೋನ್ ಕೊಳ್ಳುವುದೋ: ಹಣ ಕೊಡುವ ಮುನ್ನ ಕ್ರಮವಾಗಿ ನೋಡಬೇಕಾದ ಸಂಗತಿಗಳು

ಹೊಸ ಮೊಬೈಲ್ ಕೊಳ್ಳಲು ಅಂಗಡಿಗೆ ಹೋದವರಿಗೆ ಮೊದಲು ಕೇಳಿಸುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಚಾರ್ಜರ್ ಎಷ್ಟು ವಾಟ್, ರ‍್ಯಾಮ್ ಎಷ್ಟು ಜಿಬಿ ಎಂಬ ವಿವರಗಳು. ಆ ಫೋನಿನ ತಂತ್ರಾಂಶವನ್ನು ತಯಾರಕರು ಇನ್ನೆಷ್ಟು ವರ್ಷ ನೋಡಿಕೊಳ್ಳುತ್ತಾರೆ, ಅದರಲ್ಲಿ ಕನ್ನಡ ಬರೆಯುವುದು ಎಷ್ಟು ಸಲೀಸು, ನಮ್ಮೂರಿನ ಸಿಗ್ನಲ್ ಅದಕ್ಕೆ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಬಿಲ್ ಆದ ಮೇಲೆ ಬರುತ್ತವೆ, ಅಥವಾ ಬರುವುದೇ ಇಲ್ಲ. ಈ ಲೇಖನದಲ್ಲಿ ಆ ಕ್ರಮವನ್ನು ತಿರುವಿ ಹಾಕಿದ್ದೇನೆ. ಮೊದಲು ಬಳಸುವವರು ಯಾರೆಂದು ನೋಡಿ, ಬಳಿಕ ಆಪರೇಟಿಂಗ್ ಸಿಸ್ಟಂ (ಫೋನನ್ನು ನಡೆಸುವ ಮೂಲ ತಂತ್ರಾಂಶ), ಅದಾದ ಮೇಲೆ ಅಪ್‌ಡೇಟ್, ಭಾಷೆ ಮತ್ತು ಸಿಗ್ನಲ್, ಕೊನೆಗೆ ಕ್ಯಾಮೆರಾ ಮುಂತಾದವು, ಈ ಸಾಲಿನಲ್ಲಿ ಯೋಚಿಸಿದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತ ಬರುತ್ತದೆ.

ಆಯ್ಕೆಗೆ ಉಳಿದಿರುವುದು ಎರಡೇ ವ್ಯವಸ್ಥೆಗಳು: ಗೂಗಲ್‌ನ ಆಂಡ್ರಾಯ್ಡ್ ಮತ್ತು ಆಪಲ್‌ನ ಐಒಎಸ್. ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಫೋನ್‌ಗಳಿಗೆ ಬೆಂಬಲ ನಿಲ್ಲಿಸಿ ವರ್ಷಗಳೇ ಆದವು. ಬ್ಲ್ಯಾಕ್‌ಬೆರಿಯ ಹಳೆಯ ಫೋನ್‌ಗಳ ಸೇವೆ 2022ರ ಜನವರಿ 4ರಂದು ಮುಗಿಯಿತು. ಗ್ರಾಫೀನ್ ಒಎಸ್, ಲಿನಿಯೇಜ್ ಒಎಸ್‌ನಂಥ ಪರ್ಯಾಯಗಳು ಇವೆಯಾದರೂ ಅವು ಆಂಡ್ರಾಯ್ಡ್‌ನ ಮುಕ್ತ ಸಂಕೇತದ ಮೇಲೆಯೇ ಕಟ್ಟಿದವು. ಹಲವು ಬ್ಯಾಂಕ್ ಆ್ಯಪ್‌ಗಳು ಅವುಗಳಲ್ಲಿ ತಕರಾರು ತೆಗೆಯುತ್ತವೆ. ಹೀಗಾಗಿ, ಹವ್ಯಾಸಕ್ಕಾಗಿ ಎರಡನೆಯ ಫೋನ್ ಇಟ್ಟುಕೊಂಡವರಿಗೆ ಹೊರತು ಉಳಿದವರಿಗೆ ನಾನು ಅವನ್ನು ಸೂಚಿಸುವುದಿಲ್ಲ.

ಮೊದಲ ಹಂತ: ಯಾರಿಗೆ, ಎಷ್ಟು ವರ್ಷಕ್ಕೆ

ಒಂದು ಹಾಳೆಯ ಮೇಲೆ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ಫೋನ್ ಬಳಸುವವರು ಯಾರು, ದಿನವೂ ಅದರಲ್ಲಿ ಮಾಡುವ ಕೆಲಸಗಳು ಯಾವುವು, ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುವ ಉದ್ದೇಶವಿದೆ. ಯುಪಿಐ ಪಾವತಿ, ವಾಟ್ಸ್‌ಆ್ಯಪ್, ಬ್ಯಾಂಕ್, ಡಿಜಿಲಾಕರ್, ಯೂಟ್ಯೂಬ್, ಮಕ್ಕಳ ಶಾಲೆಯ ಆ್ಯಪ್ ಇವೆಲ್ಲ ಎರಡೂ ಕಡೆ ಚೆನ್ನಾಗಿಯೇ ನಡೆಯುತ್ತವೆ. ಆದ್ದರಿಂದ ಇವುಗಳಿಂದ ಯಾವ ತೀರ್ಮಾನವೂ ಆಗದು. ವ್ಯತ್ಯಾಸ ಕಾಣುವುದು ಪಟ್ಟಿಯ ಕೊನೆಯಲ್ಲಿ ಬರುವ ವಿಶೇಷ ಅಗತ್ಯಗಳಲ್ಲಿ. ಕಚೇರಿಯ ಒಂದು ಆ್ಯಪ್ ಆಂಡ್ರಾಯ್ಡ್‌ಗೆ ಮಾತ್ರ ಇದ್ದರೆ, ಅಂಗಡಿಯ ಬಾರ್‌ಕೋಡ್ ಯಂತ್ರವೋ ಬಿಲ್ ಮುದ್ರಕವೋ ಆಂಡ್ರಾಯ್ಡ್‌ಗೆ ಮಾತ್ರ ಹೊಂದಿಕೊಳ್ಳುವಂಥದ್ದಾದರೆ, ಮನೆಯಲ್ಲಿ ಈಗಾಗಲೇ ಮ್ಯಾಕ್ ಮತ್ತು ಐಪ್ಯಾಡ್ ಇದ್ದರೆ, ಆಯ್ಕೆ ಅಲ್ಲೇ ಬಹುಪಾಲು ಮುಗಿದಂತೆ.

ಹಿರಿಯರಿಗಾಗಿ ಕೊಳ್ಳುವಾಗ ಇನ್ನೂ ಒಂದು ಪ್ರಶ್ನೆಯಿದೆ, ಮತ್ತು ಅದು ಉಳಿದೆಲ್ಲಕ್ಕಿಂತ ದೊಡ್ಡದು: ಫೋನ್ ಸಿಕ್ಕಿಹಾಕಿಕೊಂಡಾಗ ಪಕ್ಕದಲ್ಲಿ ಕುಳಿತು ಸರಿಪಡಿಸುವವರು ಯಾರು? ಅಮ್ಮ ಶಿವಮೊಗ್ಗದಲ್ಲಿದ್ದು, ಅವರ ಜೊತೆಯಲ್ಲಿರುವ ತಂಗಿಯ ಮಗ ಆಂಡ್ರಾಯ್ಡ್ ಬಳಸುತ್ತಾನೆಂದರೆ, ಮಗಳು ಬೆಂಗಳೂರಿನಿಂದಲೋ ಡಲ್ಲಾಸ್‌ನಿಂದಲೋ ಪ್ರೀತಿಯಿಂದ ಕಳಿಸಿದ ಐಫೋನ್ ಕಪಾಟಿನಲ್ಲಿಯೇ ಉಳಿಯುವ ಸಂಭವ ಹೆಚ್ಚು. ಸುತ್ತಲಿನವರು ಬಳಸುವ ವ್ಯವಸ್ಥೆಯನ್ನೇ ಕೊಡಿಸುವುದು ಜಾಣತನ.

ಎರಡನೆಯ ಹಂತ: ಎರಡು ವ್ಯವಸ್ಥೆಗಳ ಸ್ವಭಾವ

ಐಒಎಸ್ ಓಡುವುದು ಆಪಲ್ ತಾನೇ ವಿನ್ಯಾಸ ಮಾಡಿದ ಫೋನಿನಲ್ಲಿ ಮಾತ್ರ. ಚಿಪ್, ತಂತ್ರಾಂಶ, ಆ್ಯಪ್ ಅಂಗಡಿ ಮೂರೂ ಒಂದೇ ಕೈಯಲ್ಲಿರುವುದರಿಂದ ಹೊಸ ಆವೃತ್ತಿ ಬಂದ ದಿನವೇ ಅರ್ಹವಾದ ಎಲ್ಲ ಐಫೋನ್‌ಗಳಿಗೂ ಅದು ತಲುಪುತ್ತದೆ. ಆಂಡ್ರಾಯ್ಡ್‌ನ ದಾರಿ ಬೇರೆ. ಗೂಗಲ್ ಮೂಲ ಸಂಕೇತವನ್ನು ಸಿದ್ಧಪಡಿಸುತ್ತದೆ. ಸ್ಯಾಮ್‌ಸಂಗ್, ಶಿಯೋಮಿ, ವಿವೋ, ಒಪ್ಪೊ, ಮೊಟೊರೊಲಾ ಮುಂತಾದ ತಯಾರಕರು ಅದರ ಮೇಲೆ ತಮ್ಮ ತಮ್ಮ ಹೊದಿಕೆ ಹಾಕಿ ಮಾರುತ್ತಾರೆ. ಸ್ಯಾಮ್‌ಸಂಗ್‌ನ ಒನ್ ಯುಐ, ಶಿಯೋಮಿಯ ಹೈಪರ್ ಒಎಸ್, ಒಪ್ಪೊದ ಕಲರ್ ಒಎಸ್ ಇವೆಲ್ಲ ಒಳಗೆ ಆಂಡ್ರಾಯ್ಡ್ ಆಗಿದ್ದರೂ ಮೆನು, ಜಾಹೀರಾತು, ಅಪ್‌ಡೇಟ್ ಬರುವ ವೇಗ ಎಲ್ಲದರಲ್ಲೂ ಬೇರೆ ಬೇರೆ. ಹಾಗಾಗಿ ‘ಆಂಡ್ರಾಯ್ಡ್ ಹೇಗಿದೆ’ ಎಂದು ಕೇಳುವುದಕ್ಕಿಂತ ‘ಈ ಕಂಪನಿಯ ಆಂಡ್ರಾಯ್ಡ್ ಹೇಗಿದೆ’ ಎಂದು ಕೇಳುವುದು ಸರಿ. ಅಗ್ಗದ ಕೆಲವು ಫೋನ್‌ಗಳಲ್ಲಿ ಲಾಕ್ ಪರದೆಯ ಮೇಲೇ ಜಾಹೀರಾತು, ಕೇಳದೆಯೇ ಹಾಕಿಟ್ಟ ಆಟಗಳು, ಸಾಲ ಕೊಡುವ ಆ್ಯಪ್‌ಗಳು ತುಂಬಿರುತ್ತವೆ. ಬೆಲೆ ಕಡಿಮೆಯಾಗಿರಲು ಅವೂ ಒಂದು ಕಾರಣ. ಕೊಂಡ ದಿನವೇ ಕುಳಿತು ತೆಗೆದುಹಾಕುವ ತಾಳ್ಮೆ ಇದ್ದರೆ ಅವು ದೊಡ್ಡ ತೊಂದರೆಯಲ್ಲ. ಅಜ್ಜನ ಕೈಗೆ ಹಾಗೇ ಕೊಟ್ಟರೆ ತೊಂದರೆ.

ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಎಪಿಕೆ ಕಡತದ ಮೂಲಕ ಆ್ಯಪ್ ಹಾಕಿಕೊಳ್ಳಬಹುದು. ತಿಳಿದವರಿಗೆ ಇದೊಂದು ಸ್ವಾತಂತ್ರ್ಯ, ತಿಳಿಯದವರಿಗೆ ಅಪಾಯ. ಮದುವೆಯ ಕರೆಯೋಲೆ, ಸಂಚಾರ ಪೊಲೀಸರ ದಂಡದ ರಸೀದಿ, ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವನ್ನು ತೆರೆದು, ಎಸ್‌ಎಂಎಸ್ ಓದುವ ಅನುಮತಿ ಕೊಟ್ಟು, ಒಟಿಪಿಯ ಜೊತೆಗೆ ಖಾತೆಯ ಹಣವನ್ನೂ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಐಫೋನಿನಲ್ಲಿ ಎಪಿಕೆ ತೆರೆಯುವುದೇ ಇಲ್ಲವಾದ್ದರಿಂದ ಈ ಒಂದು ಬಗೆಯ ಮೋಸಕ್ಕೆ ಅಲ್ಲಿ ದಾರಿಯಿಲ್ಲ. ಹಾಗೆಂದು ಐಫೋನ್ ಇದ್ದವರು ಮೋಸಹೋಗುವುದಿಲ್ಲವೆಂದು ಯಾರೂ ಭಾವಿಸಬಾರದು. ಫೋನಿನಲ್ಲಿ ಹೆದರಿಸಿ ಹಣ ಕಟ್ಟಿಸಿಕೊಳ್ಳುವವನಿಗೆ ಎದುರಿನ ಫೋನ್ ಯಾವುದಾದರೂ ಒಂದೇ. ಹಣ ಹೋದ ಕೂಡಲೇ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿ 1930 ಎಂಬುದನ್ನು ಎರಡೂ ಪಂಗಡದವರು ಫೋನಿನಲ್ಲಿ ಉಳಿಸಿಕೊಂಡಿರಲಿ.

ಉಳಿದ ವ್ಯತ್ಯಾಸಗಳು ಚಿಕ್ಕವು. ಐಫೋನಿನಲ್ಲಿ ಮೆಮೊರಿ ಕಾರ್ಡ್ ಹಾಕಲಾಗದು. ಆಂಡ್ರಾಯ್ಡ್‌ನಲ್ಲೂ ದುಬಾರಿ ಫೋನ್‌ಗಳಿಂದ ಅದು ಮಾಯವಾಗಿದೆ. ಐಒಎಸ್ 18.1ರಿಂದ ಐಫೋನಿನಲ್ಲಿ ಕರೆಯನ್ನು ಧ್ವನಿಮುದ್ರಿಸಿಕೊಳ್ಳಬಹುದಾದರೂ, ಹಾಗೆ ಮಾಡುವಾಗ ಎರಡೂ ಕಡೆಯವರಿಗೆ ಅದರ ಘೋಷಣೆ ಕೇಳಿಸುತ್ತದೆ. ಉಚಿತ ಮೇಘಸಂಗ್ರಹ (ಕ್ಲೌಡ್ ಸ್ಟೋರೇಜ್) ಗೂಗಲ್‌ನಲ್ಲಿ 15 ಜಿಬಿ, ಆಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ. ಐಫೋನ್ ಕೊಳ್ಳುವವರು ತಿಂಗಳ ಐಕ್ಲೌಡ್ ಶುಲ್ಕವನ್ನೂ ಖರ್ಚಿಗೆ ಸೇರಿಸಿಕೊಂಡೇ ಲೆಕ್ಕ ಹಾಕಬೇಕು, ಏಕೆಂದರೆ 5 ಜಿಬಿ ಫೋಟೊಗಳಿಗೆ ಸಾಲುವುದಿಲ್ಲ.

ಮೂರನೆಯ ಹಂತ: ಬೆಲೆಯನ್ನು ಅಪ್‌ಡೇಟ್ ವರ್ಷಗಳಿಂದ ಭಾಗಿಸಿ

ಇಡೀ ಲೇಖನದಲ್ಲಿ ಒಂದನ್ನಷ್ಟೇ ಓದುವ ಪುರುಸೊತ್ತು ನಿಮಗಿದ್ದರೆ ಈ ಹಂತವನ್ನೇ ಓದಿ. ಫೋನಿಗೆ ಬರುವ ಅಪ್‌ಡೇಟ್‌ಗಳಲ್ಲಿ ಎರಡು ಬಗೆ. ಮೊದಲನೆಯದು ಆಂಡ್ರಾಯ್ಡ್ 15ರಿಂದ 16ಕ್ಕೆ ಹೋಗುವಂಥ ಆವೃತ್ತಿಯ ಬದಲಾವಣೆ. ಇದು ಬಾರದಿದ್ದರೂ ಜೀವನ ನಡೆಯುತ್ತದೆ. ಎರಡನೆಯದು ಭದ್ರತಾ ಅಪ್‌ಡೇಟ್. ಪತ್ತೆಯಾದ ದೋಷಗಳನ್ನು ಮುಚ್ಚುವ ಈ ಕಡತ ಬರುವುದು ನಿಂತರೆ, ಅದೇ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ದಿನದಿಂದ ದಿನಕ್ಕೆ ಹೆಚ್ಚು ಅಪಾಯಕಾರಿಯಾಗುತ್ತದೆ. ಹೊರಗಿನಿಂದ ಫೋನ್ ಹೊಸದರಂತೆಯೇ ಕಾಣುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ.

ಗೂಗಲ್ 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷಗಳ ಭರವಸೆ ಕೊಟ್ಟಿವೆ. ಕಡಿಮೆ ಬೆಲೆಯ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷಗಳ ಭರವಸೆ ಬಂದದ್ದು ನಿಜಕ್ಕೂ ಮೆಚ್ಚಬೇಕಾದ ಬದಲಾವಣೆ. ಆಪಲ್ ಫೋನ್ ಮಾರುವಾಗ ಇಷ್ಟು ದೊಡ್ಡ ಸಂಖ್ಯೆಯನ್ನು ಸಾರುವುದಿಲ್ಲ, ಆದರೆ ಅದರ ಹಿಂದಿನ ನಡವಳಿಕೆಯೇ ಸಾಕ್ಷಿ: 2018ರ ಐಫೋನ್ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್‌ಗಳಿಗೆ 2024ರ ಐಒಎಸ್ 18 ಸಿಕ್ಕಿತು, 2025ರ ಸೆಪ್ಟೆಂಬರಿನಲ್ಲಿ ಬಂದ ಐಒಎಸ್ 26 ಅವನ್ನು ಕೈಬಿಟ್ಟು, 2019ರ ಐಫೋನ್ 11ರಿಂದ ಮುಂದಿನವನ್ನು ಇಟ್ಟುಕೊಂಡಿತು. ಇತರ ಹಲವು ತಯಾರಕರ ಅಗ್ಗದ ಮಾದರಿಗಳಲ್ಲಿ ಈ ಅವಧಿ ತೀರ ಕಡಿಮೆ, ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಅಜಗಜಾಂತರ ಇರಬಹುದು. ಆದ್ದರಿಂದ ಕಂಪನಿಯ ಹೆಸರನ್ನು ನೋಡಿ ನಂಬದೆ, ಆ ಮಾದರಿಗೇ ಎಷ್ಟು ವರ್ಷ ಎಂದು ತಯಾರಕರ ಜಾಲತಾಣದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಬಹಳಷ್ಟು ಜನ ಜಾರುವ ಜಾಗವೊಂದಿದೆ. ಈ ವರ್ಷಗಳ ಎಣಿಕೆ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಗ್ಯಾಲಕ್ಸಿ ಎಸ್24 ಅನ್ನು 2026ರ ಆರಂಭದಲ್ಲಿ ರಿಯಾಯಿತಿಯಲ್ಲಿ ಕೊಂಡವರಿಗೆ ಏಳರಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ದಸರಾ, ದೀಪಾವಳಿಯ ಮಾರಾಟಗಳಲ್ಲಿ ಭಾರೀ ರಿಯಾಯಿತಿ ಸಿಗುವುದು ಸಾಮಾನ್ಯವಾಗಿ ಇಂಥ ಹಿಂದಿನ ವರ್ಷಗಳ ಮಾದರಿಗಳ ಮೇಲೆಯೇ. ಅದರಲ್ಲಿ ತಪ್ಪೇನಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು.

ಲೆಕ್ಕ ಹೀಗೆ: ಫೋನಿನ ಬೆಲೆಯನ್ನು ಉಳಿದಿರುವ ಭದ್ರತಾ ವರ್ಷಗಳಿಂದ ಭಾಗಿಸಿ. 12,000 ರೂಪಾಯಿಯ ಒಂದು ಫೋನಿಗೆ ಇನ್ನು ಎರಡೇ ವರ್ಷ ಉಳಿದಿದ್ದರೆ ವರ್ಷಕ್ಕೆ 6,000 ರೂಪಾಯಿ ಬಿತ್ತು. 30,000 ರೂಪಾಯಿಯ ಇನ್ನೊಂದಕ್ಕೆ ಆರು ವರ್ಷ ಉಳಿದಿದ್ದರೆ ವರ್ಷಕ್ಕೆ 5,000. ಅಗ್ಗದ್ದೆಂದು ಕಂಡದ್ದು ಈ ಲೆಕ್ಕದಲ್ಲಿ ದುಬಾರಿಯಾಯಿತು. ನಡುವೆ ಒಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನೂ ಎರಡನೆಯದಕ್ಕೆ ಸೇರಿಸಿ, ಆಗ ಹೋಲಿಕೆ ನ್ಯಾಯವಾಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸಿಯೇ ತೀರುವವರಿಗೆ ಈ ಲೆಕ್ಕ ಅನ್ವಯಿಸದು; ಅವರು ಮರುಮಾರಾಟದ ಬೆಲೆ ನೋಡಬೇಕು, ಅದರಲ್ಲಿ ಐಫೋನ್ ಸಾಮಾನ್ಯವಾಗಿ ಮುಂದಿರುತ್ತದೆ.

ಈಗಾಗಲೇ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಸ್ಥಿತಿ ತಿಳಿಯಲು ಸೆಟ್ಟಿಂಗ್‌ಗಳಲ್ಲಿ ‘ಫೋನ್ ಕುರಿತು’ ಎಂಬಲ್ಲಿಗೆ ಹೋಗಿ ಆಂಡ್ರಾಯ್ಡ್ ಆವೃತ್ತಿಯನ್ನು ಒತ್ತಿದರೆ ಭದ್ರತಾ ಅಪ್‌ಡೇಟ್‌ನ ದಿನಾಂಕ ಕಾಣುತ್ತದೆ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ಹೊಸದನ್ನು ಹುಡುಕಿದರೂ ಏನೂ ಬಾರದಿದ್ದರೆ, ಆ ಫೋನಿನ ಕಾಲ ಮುಗಿದಿದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮ ಜಾರಿಯಲ್ಲಿದೆ. ಜರ್ಮನಿ, ನೆದರ್ಲೆಂಡ್ಸ್‌ನಂಥ ಕಡೆ ನೆಲೆಸಿರುವ ಕನ್ನಡಿಗರಿಗೆ ಇದೊಂದು ರಕ್ಷಣೆ. ಇಲ್ಲಿ ಕೊಳ್ಳುವವರಿಗೆ ಕಂಪನಿಯ ಮಾತೇ ಆಧಾರ.

ನಾಲ್ಕನೆಯ ಹಂತ: ಕನ್ನಡವನ್ನು ಅಂಗಡಿಯಲ್ಲೇ ಬರೆದು ನೋಡಿ

ಕನ್ನಡದ ವಿಷಯದಲ್ಲಿ ಆಂಡ್ರಾಯ್ಡ್ ಬಹಳ ಕಾಲ ಮುಂದಿತ್ತು. 2014ರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲೇ ಇಡೀ ಫೋನನ್ನು ಕನ್ನಡದಲ್ಲಿ ನೋಡುವ ಅವಕಾಶ ಬಂದಿತು. 2017ರಲ್ಲಿ ಗೂಗಲ್‌ನ ಧ್ವನಿ ಬರಹಕ್ಕೆ ಕನ್ನಡ ಸೇರಿತು. ಅದೇ ವರ್ಷ ಐಒಎಸ್ 11ರಲ್ಲಿ ಕನ್ನಡದ ಕೀಲಿಮಣೆ ಬಂದಿತಾದರೂ, ಐಫೋನಿನ ಮೆನುಗಳು ಕನ್ನಡದಲ್ಲಿ ಕಾಣಿಸಿಕೊಳ್ಳಲು 2025ರ ಐಒಎಸ್ 18.4ರವರೆಗೆ ಕಾಯಬೇಕಾಯಿತು. ಅಂದರೆ ಇಂದು ಎರಡರಲ್ಲೂ ಕನ್ನಡವಿದೆ. ಹಳೆಯ ಐಫೋನ್ ಕೊಂಡವರು ಅದು 18.4 ಅಥವಾ ಅದರ ನಂತರದ ಆವೃತ್ತಿಗೆ ಏರಬಲ್ಲುದೇ ಎಂದು ಕೇಳಿ ತಿಳಿಯಬೇಕು.

ಇದ್ದರೆ ಸಾಲದು, ನಿಮ್ಮ ಬೆರಳಿಗೆ ಒಗ್ಗಬೇಕು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನನ್ನು ಕೈಗೆ ತೆಗೆದುಕೊಂಡು, ಟಿಪ್ಪಣಿಯ ಆ್ಯಪ್ ತೆರೆದು, ಈ ಪದಗಳನ್ನು ಬರೆದು ನೋಡಿ: ಸ್ತ್ರೀ, ಜ್ಞಾನ, ಕೃಷಿ, ಕಾರ್ಯ, ರ‍್ಯಾಲಿ, ಕಾರ್‌ಗಳು. ಮೊದಲ ಮೂರು ಬಹುತೇಕ ಎಲ್ಲ ಕಡೆ ಬರುತ್ತವೆ. ‘ಕಾರ್ಯ’ದಲ್ಲಿ ಅರ್ಕಾವೊತ್ತು ಯಕಾರದ ಬಲಕ್ಕೆ ನಿಲ್ಲಬೇಕು, ‘ರ‍್ಯಾಲಿ’ಯಲ್ಲಿ ರಕಾರ ಪೂರ್ತಿಯಾಗಿ ಉಳಿದು ಯಕಾರದ ಒತ್ತು ಅದರ ಕೆಳಗೆ ಬರಬೇಕು, ‘ಕಾರ್‌ಗಳು’ ಎಂಬಲ್ಲಿ ರಕಾರಕ್ಕೂ ಗಕಾರಕ್ಕೂ ಒತ್ತು ಕೂಡಿಕೊಳ್ಳದೆ ಎರಡೂ ಬಿಡಿಯಾಗಿ ನಿಲ್ಲಬೇಕು. ಈ ಕೊನೆಯ ಎರಡಕ್ಕೆ ಅಕ್ಷರಗಳನ್ನು ಜೋಡಿಸುವ, ಬಿಡಿಸುವ ಅದೃಶ್ಯ ಚಿಹ್ನೆಗಳು ಬೇಕಾಗುತ್ತವೆ. ಕೆಲವು ಕೀಲಿಮಣೆಗಳಲ್ಲಿ ಅವುಗಳ ಕೀಲಿಯೇ ಇರುವುದಿಲ್ಲ, ಕೆಲವುಗಳಲ್ಲಿ ಇದ್ದರೂ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ದಿನವೂ ಪುಟಗಟ್ಟಲೆ ಬರೆಯುವ ವರದಿಗಾರರು, ಶಿಕ್ಷಕರು, ಪಂಚಾಯಿತಿಯ ಕಾರ್ಯದರ್ಶಿಗಳಿಗೆ ಈ ಪರೀಕ್ಷೆ ಕ್ಯಾಮೆರಾದ ಪರೀಕ್ಷೆಗಿಂತ ಮುಖ್ಯ.

ಬರೆಯುವ ರೀತಿಯೂ ಒಬ್ಬೊಬ್ಬರದು ಒಂದೊಂದು. ಕೆಲವರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುತ್ತಾರೆ, ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶ ಕಲಿತವರಿಗೆ ಆ ವಿನ್ಯಾಸವೇ ಬೇಕು, ಹಿರಿಯರಿಗೆ ಪರದೆಯ ಮೇಲೆ ಬೆರಳಿನಿಂದ ಬರೆಯುವುದೋ ಮಾತಾಡಿ ಬರೆಸುವುದೋ ಹಿತ. ಗೂಗಲ್‌ನ ಜಿಬೋರ್ಡ್ ಆಂಡ್ರಾಯ್ಡ್‌ನಲ್ಲಿ ಲಿಪ್ಯಂತರ, ಕೈಬರಹ, ಧ್ವನಿ ಮೂರನ್ನೂ ಕೊಡುತ್ತದೆ. ಹೊರಗಿನ ಕೀಲಿಮಣೆ ಆ್ಯಪ್‌ಗಳೂ ಆಂಡ್ರಾಯ್ಡ್‌ಗೇ ಹೆಚ್ಚು. ಐಫೋನಿನಲ್ಲಿ ಐಒಎಸ್ 18ರಿಂದ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ ಕನ್ನಡ ಕೀಲಿಮಣೆಯೂ ಇದೆ, ಅ ಆ ಇ ಈ ಕಲಿತಷ್ಟೇ ಸಾಕು, ಬೇರೆ ವಿನ್ಯಾಸ ಕಲಿಯಬೇಕಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕನ್ನಡದಲ್ಲಿ ಬರೆಯುವುದೇ ಮುಖ್ಯ ಕೆಲಸವಾಗಿರುವವರಿಗೆ ಇಂದಿಗೂ ಆಂಡ್ರಾಯ್ಡ್ ಒಂದು ಹೆಜ್ಜೆ ಮುಂದಿದೆ. ಓದುವುದಕ್ಕಷ್ಟೇ ಆದರೆ ವ್ಯತ್ಯಾಸವಿಲ್ಲ.

ಕಚೇರಿಗಳಿಂದ ಬರುವ ಹಳೆಯ ವರ್ಡ್ ಕಡತಗಳು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಂಡರೆ ಅದಕ್ಕೆ ಫೋನನ್ನು ದೂರಬೇಡಿ. ಅವು, ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗಿಂತ ಹಿಂದಿನ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಬರೆದವು. ಯಾವ ಫೋನ್ ಕೊಂಡರೂ ಹಾಗೆಯೇ ಕಾಣುತ್ತವೆ, ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಓದಬೇಕು.

ಐದನೆಯ ಹಂತ: ನಿಮ್ಮೂರಿನ ಸಿಗ್ನಲ್

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಪೇಟೆಗಳಲ್ಲಿರುವವರು ಈ ಹಂತವನ್ನು ದಾಟಿ ಹೋಗಬಹುದು. ಮಲೆನಾಡಿನ, ಘಟ್ಟದ ಕೆಳಗಿನ, ಟವರ್‌ನಿಂದ ದೂರವಿರುವ ಊರಿನವರು ನಿಲ್ಲಬೇಕು. ಕಾಡು, ಗುಡ್ಡ, ಗೋಡೆ ದಾಟಿ ದೂರ ಹರಿಯುವುದು 700, 850, 900 ಮೆಗಾಹರ್ಟ್ಸ್‌ನ ಕೆಳ ತರಂಗಾಂತರಗಳು. 3500 ಮೆಗಾಹರ್ಟ್ಸ್‌ನ 5ಜಿ ವೇಗವಾಗಿದ್ದರೂ ಹತ್ತಿರದಲ್ಲಷ್ಟೇ ಸಿಗುತ್ತದೆ. ಜಿಯೊ ತನ್ನ 5ಜಿಗೆ 700ನ್ನೂ ಬಳಸುತ್ತದೆ, ಬಿಎಸ್‌ಎನ್‌ಎಲ್‌ನ 4ಜಿಯೂ 700ರಲ್ಲಿ ಬರುತ್ತದೆ. ಆದ್ದರಿಂದ ಫೋನಿನ ತಾಂತ್ರಿಕ ವಿವರಗಳ ಪುಟದಲ್ಲಿ 4ಜಿಯ ಸಾಲಿನಲ್ಲಿ 28ನೆಯ ಬ್ಯಾಂಡ್ (ಅದೇ 700), 5ಜಿಯ ಸಾಲಿನಲ್ಲಿ ಎನ್28 (700) ಮತ್ತು ಎನ್78 (3500) ಇವೆಯೇ ಎಂದು ನೋಡಿ. ಇಲ್ಲಿ ಮಾರುವ ಹೊಸ ಫೋನ್‌ಗಳಲ್ಲಿ ಇವು ಸಾಮಾನ್ಯವಾಗಿ ಇರುತ್ತವೆ. ಹಳೆಯ ಮತ್ತು ಹೊರದೇಶದ ಫೋನ್‌ಗಳಲ್ಲಿ ಇಲ್ಲದಿರಬಹುದು. ಜಿಯೊಗೆ 2ಜಿ, 3ಜಿ ಜಾಲವೇ ಇಲ್ಲವಾದ್ದರಿಂದ, 4ಜಿಯ ಮೇಲೆ ಕರೆ ಮಾಡುವ ವೋಲ್ಟಿ ಸೌಲಭ್ಯ ಸರಿಯಾಗಿ ನಡೆಯದ ಫೋನಿನಲ್ಲಿ ಆ ಸಿಮ್‌ನಿಂದ ಮಾತಾಡಲು ಆಗದು.

ವಿದೇಶದಿಂದ ತರಿಸಿಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದ ಸಿಮ್ ಹಾಕುವ ಕಿಂಡಿಯೇ ಇಲ್ಲ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಮಾತ್ರ. ಐಫೋನ್ 17ರ ಸರಣಿಯಲ್ಲಿ ಈ ಪಟ್ಟಿಗೆ ಸೌದಿ ಅರೇಬಿಯ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್ ಕೂಡ ಸೇರಿದವು. ದುಬೈನಿಂದ ಅಣ್ಣ ತಂದುಕೊಡುವ ಫೋನಿಗೆ ಊರಿನ ಸಿಮ್ ಹಾಕಲಾಗದೆ, ಮೊದಲು ಅದನ್ನು ಇ-ಸಿಮ್ ಆಗಿ ಬದಲಿಸಿಕೊಳ್ಳಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಫಜೀತಿ ಎಂದರೆ, ಫೋನ್ ಕೆಟ್ಟು ನಿಂತಾಗ ಸಿಮ್ ತೆಗೆದು ಪಕ್ಕದವರ ಫೋನಿಗೆ ಹಾಕಿ ಒಟಿಪಿ ಪಡೆಯುವ ಉಪಾಯ ನಡೆಯದು. ವಾರಂಟಿ ಇಲ್ಲಿ ಅನ್ವಯಿಸುತ್ತದೆಯೇ ಎಂಬುದನ್ನೂ ಅಲ್ಲಿಯೇ ಕೇಳಿ ಬರುವುದು ಒಳ್ಳೆಯದು. ಅಂದಹಾಗೆ, ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿಯ ಬಳಿಯಲ್ಲಿಯೂ ಐಫೋನ್ ತಯಾರಾಗುತ್ತಿದೆ. ಕೊಳ್ಳುವವರು ಕಟ್ಟಬೇಕಾದ ಶೇ 18ರ ಜಿಎಸ್‌ಟಿ ಮಾತ್ರ ಅದರಿಂದ ಕಡಿಮೆಯಾಗಿಲ್ಲ.

ಆರನೆಯ ಹಂತ: ಅಂಗಾಂಗಗಳು

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಅಂಗಡಿಯವರು ಇದನ್ನೇ ಅರ್ಧ ಗಂಟೆ ಹೇಳುತ್ತಾರೆ. ಆಂಡ್ರಾಯ್ಡ್‌ನಲ್ಲಿ 6 ಜಿಬಿಗಿಂತ ಕಡಿಮೆ ರ‍್ಯಾಮ್ ಇರುವುದನ್ನು ನಾಲ್ಕು ವರ್ಷ ಬಳಸುವ ಉದ್ದೇಶದಿಂದ ಕೊಳ್ಳಬೇಡಿ. ‘8 ಜಿಬಿ ಜೊತೆಗೆ 8 ಜಿಬಿ’ ಎಂದು ಬರೆದಿದ್ದರೆ ಎರಡನೆಯದು ಸಂಗ್ರಹದಿಂದ ಎರವಲು ಪಡೆದ ತೋರಿಕೆಯ ರ‍್ಯಾಮ್, ಅದಕ್ಕೆ ಬೆಲೆ ಕೊಡಬೇಡಿ. ಐಫೋನಿನ ರ‍್ಯಾಮ್ ಅನ್ನು ಆಂಡ್ರಾಯ್ಡ್‌ನ ಸಂಖ್ಯೆಯ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಸಂಗ್ರಹ 128 ಜಿಬಿಯಾದರೂ ಇರಲಿ. ಊರಿನ ಜಾತ್ರೆ, ಮಕ್ಕಳ ನೃತ್ಯ ಎಂದು ವಿಡಿಯೊ ತೆಗೆಯುವ ಅಭ್ಯಾಸವಿದ್ದರೆ 256. ಪರದೆಯನ್ನು ಅಂಗಡಿಯ ದೀಪದಲ್ಲಿ ನೋಡದೆ ಬಾಗಿಲಾಚೆ ಬಿಸಿಲಿನಲ್ಲಿ ನೋಡಿ. ಮೆಗಾಪಿಕ್ಸೆಲ್ ಸಂಖ್ಯೆಯನ್ನು ಬದಿಗಿಟ್ಟು, ಮಬ್ಬು ಬೆಳಕಿನಲ್ಲಿ ಓಡಾಡುವ ವ್ಯಕ್ತಿಯ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಕ್ಯಾಮೆರಾದ ಬಂಡವಾಳ ಬಯಲಾಗುತ್ತದೆ. ನೀರು, ದೂಳು ತಡೆಯುವ ಮಟ್ಟ ಐಪಿ68 ಎಂದಿದ್ದರೆ ಮಳೆಗೆ ಅಂಜಬೇಕಿಲ್ಲ, ಆದರೂ ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲವೆಂಬುದು ನೆನಪಿರಲಿ.

ಏಳನೆಯ ಹಂತ: ಹಣ, ಸರ್ವಿಸ್ ಸೆಂಟರ್, ಹಳೆಯ ಫೋನ್

ನಿಮ್ಮ ತಾಲ್ಲೂಕು ಕೇಂದ್ರದಿಂದ ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ, ಪರದೆ ಒಡೆದರೆ ಬದಲಿಸಲು ಎಷ್ಟು ಹಣ ಎಂಬೆರಡನ್ನು ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ‘ಬಡ್ಡಿಯಿಲ್ಲದ ಕಂತು’ ಎಂಬುದರಲ್ಲಿ ಬಡ್ಡಿ ಇದ್ದೇ ಇರುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸಿರುತ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಿಮ್ಮ ಮೇಲೆಯೇ ಬೀಳುತ್ತದೆ. ಒಂದೇ ಸಲ ಹಣ ಕೊಟ್ಟರೆ ಎಷ್ಟು ಎಂದು ಕೇಳಿ ಹೋಲಿಸಿ.

15,000 ರೂಪಾಯಿಯೊಳಗೆ ಕೊಳ್ಳುವವರು ಹಳೆಯ ಐಫೋನಿನ ಆಸೆ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಬೆಲೆಗೆ ಸಿಗುವ ಐಫೋನಿಗೆ ಅಪ್‌ಡೇಟ್ ಮುಗಿದಿರುತ್ತದೆ ಅಥವಾ ಮುಗಿಯುತ್ತ ಬಂದಿರುತ್ತದೆ, ಬ್ಯಾಟರಿಯೂ ದಣಿದಿರುತ್ತದೆ; ದೀರ್ಘ ಅಪ್‌ಡೇಟ್ ಇರುವ ಹೊಸ ಆಂಡ್ರಾಯ್ಡ್ ಅಲ್ಲಿ ಹೆಚ್ಚು ಬಾಳಿಕೆ ಬರುತ್ತದೆ. ಅದಕ್ಕಿಂತ ಮೇಲಿನ ಬೆಲೆಯಲ್ಲಿ ಬಳಸಿದ ಫೋನ್ ಕೊಳ್ಳುವುದಾದರೆ ಮೊದಲು *#06# ಒತ್ತಿ ಐಎಂಇಐ, ಅಂದರೆ ಆ ಫೋನಿನದೇ ಆದ ಗುರುತಿನ ಸಂಖ್ಯೆ ಪಡೆಯಿರಿ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳು, ಒಂದು ಖಾಲಿ ಜಾಗ, ಆಮೇಲೆ ಆ 15 ಅಂಕಿಗಳನ್ನು ಬರೆದು 14422ಕ್ಕೆ ಕಳಿಸಿದರೆ ಆ ಫೋನಿನ ವಿವರ ಬರುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ಇದನ್ನು ನೋಡಬಹುದು. ಬಂದ ಕಂಪನಿ ಮತ್ತು ಮಾದರಿಯ ಹೆಸರು ಕೈಯಲ್ಲಿರುವ ಫೋನಿಗೆ ತಾಳೆಯಾಗದಿದ್ದರೆ, ಅಥವಾ ಸಂಖ್ಯೆಯನ್ನು ತಡೆಹಿಡಿಯಲಾಗಿದೆ ಎಂದು ಬಂದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ ಅಲ್ಲಿಂದ ಎದ್ದು ಬನ್ನಿ. ಮಾರುವವರು ನಿಮ್ಮೆದುರಿಗೇ ತಮ್ಮ ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ಫೋನನ್ನು ಪೂರ್ತಿ ಅಳಿಸಿ, ಮತ್ತೆ ಆರಂಭಿಸಿ ತೋರಿಸಬೇಕು. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಅದು ನಿಮ್ಮ ಕೈಯಲ್ಲಿ ಉಪಯೋಗಕ್ಕೆ ಬಾರದು. ಐಫೋನಿನಲ್ಲಿ ಬ್ಯಾಟರಿಯ ಸಾಮರ್ಥ್ಯ ಶೇಕಡಾ ಎಷ್ಟು ಉಳಿದಿದೆಯೆಂದು ಸೆಟ್ಟಿಂಗ್‌ಗಳಲ್ಲೇ ಕಾಣುತ್ತದೆ. 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಎಂಟನೆಯ ಹಂತ: ಹೊಸ ಫೋನಿಗೆ ದಾಟುವುದು

ಅದೇ ವ್ಯವಸ್ಥೆಯೊಳಗೆ ಫೋನ್ ಬದಲಿಸುವುದು ಇಂದು ಕಷ್ಟವಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ವಾಟ್ಸ್‌ಆ್ಯಪ್‌ನ ಹಳೆಯ ಮಾತುಕತೆಗಳೇ ಎಲ್ಲಕ್ಕಿಂತ ತೊಡಕು. ಆಂಡ್ರಾಯ್ಡ್‌ನಿಂದ ಗೂಗಲ್ ಡ್ರೈವ್‌ಗೆ ಹೋದ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ. ಐಫೋನನ್ನು ಮೊದಲ ಸಲ ಆರಂಭಿಸುವಾಗಲೇ, ಆಪಲ್‌ನ ‘ಮೂವ್ ಟು ಐಒಎಸ್’ ಎಂಬ ಆ್ಯಪ್ ಅನ್ನು ಹಳೆಯ ಆಂಡ್ರಾಯ್ಡ್‌ನಲ್ಲಿ ಹಾಕಿ, ಅದರಲ್ಲಿ ವಾಟ್ಸ್‌ಆ್ಯಪ್ ಅನ್ನು ಆಯ್ದುಕೊಂಡು ಸಾಗಿಸಬೇಕು. ಆರಂಭದ ಈ ಅವಕಾಶ ತಪ್ಪಿದರೆ ಐಫೋನನ್ನು ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ; ಆದ್ದರಿಂದ ಅಂಗಡಿಯವರು ‘ನಾವೇ ಆನ್ ಮಾಡಿ ಕೊಡುತ್ತೇವೆ’ ಎಂದರೆ ಬೇಡವೆನ್ನಿ. ಐಫೋನಿನಿಂದ ಆಂಡ್ರಾಯ್ಡ್‌ಗೆ ಬರುವಾಗಲೂ ಹೊಸ ಫೋನಿನ ಆರಂಭದ ಹೆಜ್ಜೆಗಳಲ್ಲೇ, ಸಾಧ್ಯವಾದರೆ ಎರಡನ್ನೂ ಕೇಬಲ್‌ನಿಂದ ಜೋಡಿಸಿ, ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಯುಪಿಐ ಆ್ಯಪ್‌ಗಳು ಹೊಸ ಫೋನನ್ನು ಗುರುತಿಸಲು ಬ್ಯಾಂಕಿಗೆ ಜೋಡಿಸಿದ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಕಳಿಸುತ್ತವೆ. ಕರೆನ್ಸಿಯಲ್ಲಿ ಎಸ್‌ಎಂಎಸ್ ಇಲ್ಲದ ಅಗ್ಗದ ಪ್ಯಾಕ್ ಹಾಕಿಸಿಕೊಂಡವರಿಗೆ ನೋಂದಣಿ ಮತ್ತೆ ಮತ್ತೆ ವಿಫಲವಾಗುತ್ತದೆ, ಕಾರಣವೂ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವುದಿಲ್ಲ. ಮೊದಲು ಆ ಪ್ಯಾಕ್ ನೋಡಿಕೊಳ್ಳಿ. ಐಫೋನ್ ಬಿಡುವವರು ಸಿಮ್ ತೆಗೆಯುವ ಮೊದಲು ಆಪಲ್‌ನ ಸಂದೇಶ ಸೇವೆಯಾದ ಐಮೆಸೇಜ್ ಅನ್ನು ನಿಲ್ಲಿಸಬೇಕು, ಇಲ್ಲವಾದರೆ ಐಫೋನ್ ಇರುವ ಸ್ನೇಹಿತರು ಕಳಿಸುವ ಸಂದೇಶಗಳು ಹಳೆಯ ಖಾತೆಗೇ ಹೋಗಿ ನಿಮಗೆ ತಲುಪದೆ ಉಳಿಯಬಹುದು. ಬ್ಯಾಂಕ್, ಯುಪಿಐ, ಇಮೇಲ್, ಫೋಟೊ, ಸಂಪರ್ಕಗಳು ಎಲ್ಲವೂ ಹೊಸದರಲ್ಲಿ ಸರಿಯಾಗಿ ನಡೆಯುತ್ತಿವೆ ಎಂದು ವಾರವೆರಡು ವಾರ ನೋಡಿದ ಮೇಲೆಯೇ ಹಳೆಯ ಫೋನನ್ನು ಅಳಿಸಿ. ವಿನಿಮಯಕ್ಕೆ ಕೊಡುವುದಾದರೆ ಈ ಅವಕಾಶ ಸಿಗುವುದಿಲ್ಲ, ಆದ್ದರಿಂದ ಹಿಂದಿನ ರಾತ್ರಿಯೇ ಫೋಟೊಗಳನ್ನು ಕಂಪ್ಯೂಟರಿಗೋ ಪೆನ್‌ಡ್ರೈವ್‌ಗೋ ಇಳಿಸಿಕೊಳ್ಳಿ.

ಬಿಲ್ ನಿಮ್ಮ ಹೆಸರಿನಲ್ಲಿ, ಐಎಂಇಐ ಸಂಖ್ಯೆಗಳ ಸಮೇತ ಇರಲಿ. ಅದರ ಒಂದು ಚಿತ್ರವನ್ನು ಆ ಫೋನಿನ ಹೊರಗೆ, ಮನೆಯವರ ಬಳಿಯೋ ಇಮೇಲ್‌ನಲ್ಲೋ ಇಟ್ಟುಕೊಳ್ಳಿ. ಫೋನ್ ಕಳುವಾದರೆ ಪೊಲೀಸ್ ದೂರಿನ ಪ್ರತಿಯ ಜೊತೆಗೆ ಸಂಚಾರ್ ಸಾಥಿಯಲ್ಲಿ ಅದೇ ಐಎಂಇಐ ನಮೂದಿಸಿ ತಡೆಹಿಡಿಸಬಹುದು. ಹಾಗೆ ಮಾಡಿದ ಮೇಲೆ ದೇಶದ ಯಾವ ಸಿಮ್ ಹಾಕಿದರೂ ಆ ಫೋನಿಗೆ ಜಾಲ ಸಿಗುವುದಿಲ್ಲ, ಮರಳಿ ಸಿಕ್ಕರೆ ಅಲ್ಲಿಯೇ ತಡೆಯನ್ನು ತೆರವು ಮಾಡಿಸಿಕೊಳ್ಳಬಹುದು.